ರೋಮನ್ ಅಸ್ಥಿಕರಂಡಗಳು: ಅಲಂಕಾರ, ಸಂಕೇತ ಮತ್ತು ಹೆಸರು

ಕ್ರಿಸ್ತಶಕ ಒಂದು ಮತ್ತು ಎರಡನೆಯ ಶತಮಾನಗಳಲ್ಲಿ ರೋಮ್ ನಗರದ ಶಿಲ್ಪಶಾಲೆಗಳು ಸತ್ತವರ ಅವಶೇಷಗಳನ್ನಿರಿಸಲು ಅಮೃತಶಿಲೆಯಲ್ಲಿ ಕಡೆದುಕೊಟ್ಟ ಸಣ್ಣ ಪೆಟ್ಟಿಗೆಗಳೂ ಕಲಶಗಳೂ ಇಂದು ಯುರೋಪು, ಅಮೆರಿಕಗಳ ದೊಡ್ಡ ವಸ್ತುಸಂಗ್ರಹಾಲಯಗಳಲ್ಲಿ ಹರಡಿಕೊಂಡಿವೆ. ಇವುಗಳನ್ನು ಕುರಿತು ಕನ್ನಡದಲ್ಲಿ ಬರೆಯಹೊರಟವರಿಗೆ ಮೊದಲು ಎದುರಾಗುವುದು ಹೆಸರಿನ ತೊಡಕು. ಇಂಗ್ಲಿಷ್ ಮತ್ತು ಜರ್ಮನ್ ವಿದ್ವಾಂಸರು ಬೂದಿಯ ಪಾತ್ರೆ, ಬೂದಿಯ ಪೆಟ್ಟಿಗೆ ಎಂಬ ಅರ್ಥದ ಪದಗಳನ್ನು ಬಳಸುತ್ತಾರೆ. ಅದನ್ನನುಸರಿಸಿ ನಾವೂ 'ಭಸ್ಮಕಲಶ' ಎಂದುಬಿಡುವುದು ಸುಲಭ. ಆದರೆ ಸ್ವತಃ ರೋಮನರ ಶಾಸನಗಳು ಬೂದಿಗಿಂತ ಹೆಚ್ಚಾಗಿ 'ಒಸ್ಸ' ಎಂದರೆ ಎಲುಬುಗಳ ಮಾತನ್ನಾಡುತ್ತವೆ. ಚಿತೆ ಆರಿದ ಬಳಿಕ ಎಲುಬುಗಳನ್ನು ಆಯ್ದುಕೊಳ್ಳುವುದು ಅವರ ಅಂತ್ಯಕ್ರಿಯೆಯ ಮುಖ್ಯ ಅಂಗಗಳಲ್ಲೊಂದು. ಇಂಗ್ಲಿಷಿನಲ್ಲಿ ಈ ಕ್ರಿಯೆಗೆ ರೂಢಿಯ ಪದವಿಲ್ಲ. ನಮ್ಮಲ್ಲಿ 'ಅಸ್ಥಿಸಂಚಯನ' ಎಂಬ ಪದ ಜನಜನಿತವಾಗಿದೆ. ಆದ್ದರಿಂದ ಪ್ರಸ್ತುತ ಲೇಖನದಲ್ಲಿ ಈ ವಸ್ತುಗಳನ್ನು 'ಅಸ್ಥಿಕರಂಡ'ಗಳೆಂದು ಕರೆದಿದೆ. ಕರಂಡವೆಂದರೆ ಮುಚ್ಚಳವುಳ್ಳ ಪೆಟ್ಟಿಗೆ. ಕುಂಕುಮದ ಕರಡಿಗೆಯಲ್ಲಿ, ಇಷ್ಟಲಿಂಗದ ಕರಡಿಗೆಯಲ್ಲಿ ಅದೇ ಪದ ತದ್ಭವವಾಗಿ ಉಳಿದಿದೆ. ಜೋಪಾನವಾಗಿ ಇಟ್ಟುಕೊಳ್ಳುವ ವಸ್ತುವಿಗೆ ಸಲ್ಲುವ ಪದ ಅದು. ಈ ಪದವಿಚಾರ ಕೇವಲ ಭಾಷಾಂತರದ ಪ್ರಶ್ನೆಯಲ್ಲವೆಂಬುದು ಮುಂದೆ ತಿಳಿಯುತ್ತದೆ.

ತಿಬುಲ್ಲಸ್ ಕವಿಯ ಹೆಸರಿನಲ್ಲಿ ಬಂದಿರುವ ಸಂಕಲನದ ಮೂರನೆಯ ಪುಸ್ತಕದಲ್ಲಿ, ಲಿಗ್ಡಮಸ್ ಎಂದು ತನ್ನನ್ನು ಕರೆದುಕೊಳ್ಳುವ ಕವಿಯೊಬ್ಬನ ಶೋಕಗೀತೆಯಿದೆ. ಅದರಲ್ಲಿ ಕವಿ ತನ್ನ ಅಂತ್ಯಕ್ರಿಯೆಯನ್ನು ತಾನೇ ಕಲ್ಪಿಸಿಕೊಳ್ಳುತ್ತಾನೆ. ಕಪ್ಪು ಉಡುಗೆಯ ಹೆಂಗಸರಿಬ್ಬರು, ಅವನ ಪ್ರಿಯೆ ಮತ್ತು ಅವಳ ತಾಯಿ, ಕೈತೊಳೆದುಕೊಂಡು ಬಂದು ಅವನ ಬಿಳಿಯ ಎಲುಬುಗಳನ್ನು ಆಯುತ್ತಾರೆ. ಹಳೆಯ ದ್ರಾಕ್ಷಾರಸವನ್ನೂ ಅನಂತರ ಹಾಲನ್ನೂ ಎರೆಯುತ್ತಾರೆ. ನಾರುಬಟ್ಟೆಯಿಂದ ಒದ್ದೆಯನ್ನು ಒತ್ತಿ ತೆಗೆದು, ಒಣಗಿದ ಎಲುಬುಗಳನ್ನು ಅಮೃತಶಿಲೆಯ ಆವಾಸದಲ್ಲಿ ಇರಿಸುತ್ತಾರೆ. ಹಾಲುತುಪ್ಪ ಬಿಡುವ ಪದ್ಧತಿಯನ್ನು ಬಲ್ಲ ಕನ್ನಡ ಓದುಗರಿಗೆ ಇದು ಪರಕೀಯವೆನಿಸಲಾರದು. ಭೇದವಿರುವುದು ಮುಂದಿನ ಹೆಜ್ಜೆಯಲ್ಲಿ. ನಮ್ಮಲ್ಲಿ ಆಯ್ದ ಅಸ್ಥಿ ಪಶ್ಚಿಮವಾಹಿನಿಗೋ ಗಂಗೆಗೋ ಸೇರುತ್ತದೆ, ಆಯುವುದು ಬಿಡುವುದಕ್ಕಾಗಿ. ರೋಮನರು ಆಯುವುದು ಇರಿಸಿಕೊಳ್ಳುವುದಕ್ಕಾಗಿ. ಇರಿಸಿಕೊಂಡದ್ದು ಯಾರದೆಂದು ತಿಳಿಯಬೇಕಾದರೆ ಅಕ್ಷರ ಬೇಕು. ಅದೇ ಕವಿ ತನ್ನ ಸಾವಿನ ಕಾರಣವನ್ನು ಹೇಳುವ ಬರಹವೊಂದು ಕಲ್ಲಿನ ಮೇಲಿರಬೇಕೆಂದೂ ಬಯಸುತ್ತಾನೆ. ಎಲುಬು, ಅದರ ಮನೆ, ಮನೆಯ ಮೇಲಿನ ಬರಹ, ಈ ಮೂರೂ ಆ ಕವಿತೆಯಲ್ಲಿ ಒಂದೇ ಕ್ರಿಯೆಯ ಭಾಗಗಳು. ಈ ಮೂರನ್ನು ಬೇರ್ಪಡಿಸಿದ್ದೇ ಅಸ್ಥಿಕರಂಡಗಳನ್ನು ಕುರಿತ ಆಧುನಿಕ ವಿಮರ್ಶೆಯ ದೊಡ್ಡ ಕೊರತೆಯೆಂಬುದು ನನ್ನ ವಾದ.

ವಸ್ತುವನ್ನು ಮೊದಲು ನೋಡೋಣ. ಬಹುಮಟ್ಟಿಗೆ ಇವು ಚೌಕಾಕಾರದ ಪೆಟ್ಟಿಗೆಗಳು. ಅಗಲ ಎತ್ತರಗಳು ಸಾಮಾನ್ಯವಾಗಿ ಒಂದಡಿ ಅಥವಾ ಅದಕ್ಕಿಂತ ತುಸು ಹೆಚ್ಚು. ದುಂಡನೆಯ ಹೂಜಿ ಅಥವಾ ಹೆಣೆದ ಬುಟ್ಟಿಯ ಆಕಾರದವೂ ಉಂಟು. ಮುಚ್ಚಳ ಅನೇಕ ವೇಳೆ ಇಳಿಜಾರು ಮಾಡಿನಂತಿದ್ದು, ಕೆಲವದರ ಮೇಲೆ ಹೆಂಚಿನ ಸಾಲನ್ನೂ ಕಡೆದಿರುತ್ತಾರೆ. ಮುಂಭಾಗದ ನಡುವೆ ಚೌಕಟ್ಟಿನಿಂದ ಆವೃತವಾದ ಶಾಸನಫಲಕ. ಮೇಲಿನ ಮೂಲೆಗಳಲ್ಲಿ ಟಗರಿನ ತಲೆಗಳು ಅಥವಾ ಟಗರುಗೊಂಬಿನ ಅಮ್ಮೋನ್ ದೇವತೆಯ ಮುಖಗಳು. ಅವುಗಳ ಕೊಂಬಿಗೆ ಕಟ್ಟಿದ ಹಣ್ಣು ಎಲೆಗಳ ದಪ್ಪ ಹಾರ ಫಲಕದ ಕೆಳಗೆ ಜೋತುಬಿದ್ದಿರುತ್ತದೆ. ಹಾರ ಮತ್ತು ಫಲಕದ ನಡುವಣ ಜಾಗದಲ್ಲಿ ಮೆಡೂಸಾಳ ಮುಖ, ಅಥವಾ ಮರಿಗಳಿಗೆ ಗುಟುಕು ಕೊಡುವ ಹಕ್ಕಿ. ಕೆಳಮೂಲೆಗಳಲ್ಲಿ ಹದ್ದು ಅಥವಾ ಸ್ಫಿಂಕ್ಸ್. ಹಕ್ಕಿಗಳು ಹಾರದ ಹಣ್ಣನ್ನು ಕುಕ್ಕುವುದು, ಹಲ್ಲಿಯನ್ನೋ ಚಿಟ್ಟೆಯನ್ನೋ ಹಿಡಿಯುವುದು ಶಿಲ್ಪಿಗಳಿಗೆ ಬಲು ಪ್ರಿಯವಾದ ವಿಷಯಗಳು. ಪಕ್ಕಗಳಲ್ಲಿ ಕೆತ್ತನೆ ಸರಳ, ಹಿಂಭಾಗ ಬರಿದು. ಗೋಡೆಯ ಗೂಡಿನಲ್ಲಿ ಮುಂಭಾಗ ಮಾತ್ರ ಕಾಣುವಂತೆ ಇಡುವ ವಸ್ತುವಾದ್ದರಿಂದ ಶಿಲ್ಪಿಯ ಶ್ರಮವೆಲ್ಲ ಮುಂಭಾಗಕ್ಕೇ ಮೀಸಲು.

ಆ ಗೂಡುಗಳಿದ್ದ ಸಾಮೂಹಿಕ ಸಮಾಧಿಗೃಹಗಳನ್ನು ಇಂದಿನ ವಿದ್ವಾಂಸರು 'ಕೊಲಂಬಾರಿಯಂ' ಎನ್ನುತ್ತಾರೆ. ಪಾರಿವಾಳದ ಗೂಡು ಎಂದರ್ಥ. ಪಾರಿವಾಳಕ್ಕೂ ದೀಪಕ್ಕೂ 'ಗೂಡು' ಎಂಬ ಒಂದೇ ಮಾತನ್ನು ಬಳಸುವ ನಮಗೆ ಈ ರೂಪಕವನ್ನು ವಿವರಿಸಬೇಕಾಗಿಲ್ಲ. ಶವವನ್ನು ನಗರದೊಳಗೆ ಹೂಳಕೂಡದು, ಸುಡಕೂಡದು ಎಂಬುದು ಹನ್ನೆರಡು ಫಲಕಗಳ ಶಾಸನದ ಕಾಲದಿಂದ ಬಂದ ಕಟ್ಟಳೆ. ಆದಕಾರಣ ಈ ಗೃಹಗಳು ಊರ ಹೊರಗೆ ಆಪ್ಪಿಯನ್ ಹೆದ್ದಾರಿಯಂಥ ರಸ್ತೆಗಳ ಪಕ್ಕದಲ್ಲಿ ತಲೆಯೆತ್ತಿದವು. ನೂರಾರು ಗೂಡುಗಳಲ್ಲಿ ಹೆಚ್ಚಿನವಕ್ಕೆ ಮಣ್ಣಿನ ಕುಡಿಕೆಯೇ ಗತಿ. ಅಮೃತಶಿಲೆಯ ಕರಂಡ ಅವುಗಳ ನಡುವೆ ಒಂದು ಹೆಚ್ಚಳ. ಸಾಮ್ರಾಜ್ಞಿ ಲಿವಿಯಾಳ ಪರಿವಾರದವರ ಸಮಾಧಿಗೃಹ 1726ರಲ್ಲಿ ಬೆಳಕಿಗೆ ಬಂದಿತು. ಅದನ್ನು ಕುರಿತು ಫ್ರಾಂಚೆಸ್ಕೊ ಬಿಯಾಂಕಿನಿ ಮರುವರ್ಷವೇ ಗ್ರಂಥ ಪ್ರಕಟಿಸಿದನು. ಕೇಶ ಶೃಂಗರಿಸುವವಳು, ಸೂಲಗಿತ್ತಿ, ಅಕ್ಕಸಾಲಿ, ಮುತ್ತಿನ ಕೆಲಸದವ ಹೀಗೆ ಒಂದು ಅರಮನೆಯ ಕಾಯಕದ ಪಟ್ಟಿಯನ್ನೇ ಅಲ್ಲಿಯ ಶಾಸನಗಳಿಂದ ಬರೆದುಕೊಳ್ಳಬಹುದು. ಇವರೆಲ್ಲ ದಾಸರು ಅಥವಾ ದಾಸ್ಯದಿಂದ ಬಿಡುಗಡೆ ಪಡೆದವರು.

ಇನ್ನು ವಿಮರ್ಶೆಯ ಇತಿಹಾಸ. ಈ ವಸ್ತುಗಳ ಮೇಲಿನ ಚಿತ್ರಗಳನ್ನು ಹೇಗೆ ಓದಬೇಕೆಂಬ ಚರ್ಚೆ ಇಪ್ಪತ್ತನೆಯ ಶತಮಾನದಲ್ಲಿ ಎರಡು ಪಕ್ಷಗಳಾಗಿ ಒಡೆಯಿತು. ಬೆಲ್ಜಿಯಂ ದೇಶದ ಫ್ರಾನ್ಸ್ ಕ್ಯೂಮೊಂಟ್ ರೋಮನರ ಶವಸಂಸ್ಕಾರದ ಸಂಕೇತಗಳನ್ನು ಕುರಿತು 1942ರಲ್ಲಿ ಪ್ರಕಟಿಸಿದ ಬೃಹದ್ಗ್ರಂಥದಲ್ಲಿ ಈ ಬಗೆಯ ಚಿತ್ರಗಳ ಹಿಂದೆ ಆತ್ಮದ ಅಮರತ್ವವನ್ನು ಕುರಿತ ತತ್ತ್ವಗಳನ್ನು ಕಂಡನು. 1946ರಲ್ಲಿ ಆರ್ಥರ್ ಡಾರ್ಬಿ ನಾಕ್ ಇದನ್ನು ವಿಮರ್ಶಿಸಿ, ಪುರಾಣದ ಚಿತ್ರ ಕಂಡಲ್ಲೆಲ್ಲ ವೇದಾಂತವನ್ನು ಹುಡುಕಬೇಕಾಗಿಲ್ಲ, ಬಹಳಷ್ಟು ಅಭಿರುಚಿ ಮತ್ತು ಸಂಪ್ರದಾಯದ ಫಲ ಎಂಬ ನಿಲುವನ್ನು ತಾಳಿದನು. ಈ ವಾದವಿವಾದ ಮುಖ್ಯವಾಗಿ ಶವಪೆಟ್ಟಿಗೆಗಳನ್ನು ಕುರಿತದ್ದು. ಆದರೂ ಕರಂಡಗಳ ಚರ್ಚೆಯೂ ಅದೇ ಚೌಕಟ್ಟಿನೊಳಗೆ ಸಾಗಿತು. ಹದ್ದು ಆತ್ಮವನ್ನು ಹೊತ್ತೊಯ್ಯುವ ವಾಹನವೋ, ಮೂಲೆಯನ್ನು ತುಂಬುವ ಅಲಂಕಾರವೋ? ಅರೆತೆರೆದ ಬಾಗಿಲು ಪರಲೋಕದ್ದೋ, ಸಮಾಧಿಯದ್ದೋ, ಮನೆಯದ್ದೋ?

ನಾಕ್‌ನ ಎಚ್ಚರಿಕೆ ಆರೋಗ್ಯಕರವಾದದ್ದು. ಕ್ಯೂಮೊಂಟ್‌ನ ವಿದ್ವತ್ತು ಅಪಾರವಾದರೂ, ಮುತ್ತಿನ ಕೆಲಸದವನೊಬ್ಬ ತನ್ನ ಹೆಂಡತಿಗಾಗಿ ಕರಂಡ ಕೊಳ್ಳುವಾಗ ಪೈಥಾಗೊರಸನ ಅನುಯಾಯಿಗಳ ಸಿದ್ಧಾಂತವನ್ನು ತೂಗಿನೋಡಿದನೆಂದು ನಂಬುವುದು ಕಷ್ಟ. ಆದರೆ ಇಬ್ಬರಲ್ಲೂ ಸಮಾನವಾದ ಒಂದು ಮೌನವಿದೆ. ಇಬ್ಬರೂ ಚಿತ್ರವನ್ನು ಪ್ರಶ್ನಿಸುತ್ತಾರೆ. ಚಿತ್ರ ಯಾವುದರ ಸುತ್ತ ಇದೆಯೆಂದು ಅಷ್ಟಾಗಿ ಕೇಳುವುದಿಲ್ಲ. ಹಾರ ಜೋತುಬಿದ್ದಿರುವುದು ಫಲಕದ ಕೆಳಗೆ, ಟಗರಿನ ತಲೆಗಳು ನಿಂತಿರುವುದು ಫಲಕದ ಇಕ್ಕೆಲಗಳಲ್ಲಿ. ಇಡೀ ರಚನೆ ಒಂದು ಹೆಸರನ್ನು ಎತ್ತಿಹಿಡಿಯಲೆಂದೇ ಹೂಡಿದ ವ್ಯವಸ್ಥೆ.

ವಿದ್ವತ್ತಿನ ಶ್ರಮವಿಭಜನೆಯೂ ಇದಕ್ಕೆ ಕಾರಣ. ಶಿಲ್ಪವನ್ನು ಕಲೆಯ ಇತಿಹಾಸಕಾರರು ತೆಗೆದುಕೊಂಡರು. 1905ರಲ್ಲಿ ವಾಲ್ಟರ್ ಆಲ್ಟ್‌ಮನ್, 1987ರಲ್ಲಿ ಫ್ರೀಡರಿಕೆ ಸಿನ್ ಸಿದ್ಧಪಡಿಸಿದ ಗ್ರಂಥಗಳು ಆ ಕ್ಷೇತ್ರದ ಆಧಾರಸ್ತಂಭಗಳು. ಅಕ್ಷರವನ್ನು ಶಾಸನತಜ್ಞರು ಬೇರೆಯಾಗಿ ಲ್ಯಾಟಿನ್ ಶಾಸನಸಂಪುಟದ ಆರನೆಯ ಭಾಗಕ್ಕೆ ಸೇರಿಸಿದರು. ಎಲುಬು ಯಾರಿಗೂ ಬೇಡವಾಯಿತು. ಈ ಸ್ಥಿತಿ ನಮಗೂ ಹೊಸದಲ್ಲ. ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳಲ್ಲಿ ವೀರಗಲ್ಲಿನ ಪಾಠ ಸಾಲುಸಾಲಾಗಿ ದೊರೆಯುತ್ತದೆ. ಅದೇ ಕಲ್ಲಿನ ಮೇಲಿನ ಹೋರಾಟದ, ಸ್ವರ್ಗಾರೋಹಣದ ಶಿಲ್ಪಪಟ್ಟಿಕೆಗಳಿಗೆ ಸಿಗುವ ಜಾಗ ಕಡಿಮೆ. ಎಂ. ಚಿದಾನಂದಮೂರ್ತಿಯವರ ಶಾಸನಗಳ ಸಾಂಸ್ಕೃತಿಕ ಅಧ್ಯಯನವನ್ನು ಓದಿ ಬೆಳೆದವರಿಗೆ ರೋಮನ್ ಕರಂಡದ ಫಲಕವನ್ನು ಬಿಟ್ಟು ಶಿಲ್ಪವನ್ನಷ್ಟೇ ಓದುವುದು ಅಪೂರ್ಣವೆನಿಸುವುದು ಸಹಜ.

ಆ ಫಲಕದಲ್ಲಿ ಏನಿದೆ? ಮೊದಲಲ್ಲಿ ಸಾಮಾನ್ಯವಾಗಿ ಎರಡು ಅಕ್ಷರಗಳು, 'ದೀಸ್ ಮಾನಿಬುಸ್' ಎಂಬುದರ ಸಂಕ್ಷೇಪ. ಮೃತರ ಚೇತನಗಳಾದ ದೇವತೆಗಳಿಗೆ ಎಂದು ಅರ್ಥ. ಅನಂತರ ಸತ್ತವರ ಹೆಸರು, ಬಾಳಿದ ವರ್ಷಗಳು, ಕೆಲವೊಮ್ಮೆ ತಿಂಗಳು ಮತ್ತು ದಿನಗಳು, ಕರಂಡವನ್ನು ಮಾಡಿಸಿದವರ ಹೆಸರು ಮತ್ತು ಸಂಬಂಧ. ಇಷ್ಟೇ. ಕಾವ್ಯವನ್ನು ಬಯಸಿ ಹೋದವರಿಗೆ ನಿರಾಸೆ ಖಂಡಿತ. ಆದರೆ ಈ ಒಣ ಸೂತ್ರದೊಳಗೆ ರೋಮನ್ ಸಮಾಜದ ಒಂದು ಕಠೋರವಾದ ವ್ಯಾಕರಣವಿದೆ. ಸ್ವತಂತ್ರನಾಗಿ ಹುಟ್ಟಿದವನ ಹೆಸರಿನ ನಡುವೆ ತಂದೆಯ ಹೆಸರಿನ ಮೊದಲಕ್ಷರವೂ 'ಮಗ' ಎಂಬುದನ್ನು ಸೂಚಿಸುವ ಅಕ್ಷರವೂ ಬರುತ್ತವೆ. ದಾಸ್ಯದಿಂದ ಬಿಡುಗಡೆಯಾದವನಿಗೆ, ಅಂದರೆ ವಿಮುಕ್ತನಿಗೆ, ಕಾನೂನಿನ ಕಣ್ಣಲ್ಲಿ ತಂದೆಯಿಲ್ಲ. ಆದ್ದರಿಂದ ಅದೇ ಸ್ಥಾನದಲ್ಲಿ ಹಳೆಯ ಒಡೆಯನ ಹೆಸರಿನ ಅಕ್ಷರವೂ 'ವಿಮುಕ್ತ' ಎಂಬುದರ ಅಕ್ಷರವೂ ಕೂರುತ್ತವೆ. ಒಡೆಯನ ಮೊದಲೆರಡು ಹೆಸರುಗಳು ಇವನವಾಗುತ್ತವೆ. ದಾಸನಾಗಿದ್ದಾಗಿನ ಒಂಟಿ ಹೆಸರು ಕೊನೆಗೆ ಅಂಟಿಕೊಳ್ಳುತ್ತದೆ. ಒಡತಿಯಿಂದ ಬಿಡುಗಡೆ ಹೊಂದಿದವರಿಗಾದರೆ, ಹೆಂಗಸರಿಗೆ ಮೊದಲ ಹೆಸರಿಲ್ಲದ ಕಾರಣ, ತಿರುಗುಮುರುಗಾಗಿ ಕೊರೆದ ಒಂದು ಅಕ್ಷರವೇ ಆ ಸ್ಥಾನವನ್ನು ತುಂಬುತ್ತದೆ.

ದಾಸರಿಗೆ ಮದುವೆಯ ಹಕ್ಕಿರಲಿಲ್ಲ. ಅವರ ದಾಂಪತ್ಯವನ್ನು ಕಾನೂನು 'ಸಹವಾಸ' ಎಂದಷ್ಟೇ ಬಲ್ಲದು. ಮಾರಾಟದಲ್ಲಿ ಗಂಡ ಒಂದೆಡೆ, ಹೆಂಡತಿ ಇನ್ನೊಂದೆಡೆ ಹೋಗಬಹುದಾಗಿತ್ತು. ಹೀಗಿದ್ದೂ ದಾಸರು ಹಾಕಿಸಿದ ಸ್ಮರಣಶಾಸನಗಳಲ್ಲಿ ಧರ್ಮಪತ್ನಿಗೆ, ಧರ್ಮಪತಿಗೆ ಸಲ್ಲುವ ಪದವನ್ನೇ ಅನೇಕ ಸಲ ಕಾಣುತ್ತೇವೆ. ಕಾನೂನು ಕೊಡದ ಪದವನ್ನು ಕಲ್ಲು ಕೊಟ್ಟಿತು. ಇದನ್ನು ಗಮನಿಸಿದ ಮೇಲೆ ಹಾರ ಅಲಂಕಾರವೋ ಸಂಕೇತವೋ ಎಂಬ ಪ್ರಶ್ನೆಯ ಸ್ವರೂಪವೇ ಬದಲಾಗುತ್ತದೆ. ಕ್ರಿ.ಪೂ. 9ರಲ್ಲಿ ಪ್ರತಿಷ್ಠಾಪನೆಗೊಂಡ ಅಗಸ್ಟಸನ ಶಾಂತಿವೇದಿಕೆಯ ಆವರಣದ ಒಳಗೋಡೆಯಲ್ಲಿ ಇಂಥವೇ ದಪ್ಪ ಹಾರಗಳು ಎತ್ತಿನ ತಲೆಬುರುಡೆಗಳಿಂದ ಜೋತುಬಿದ್ದಿವೆ. ಕ್ರಿ.ಪೂ. 27ರಲ್ಲಿ ಸೆನೆಟ್ ಅವನ ಬಾಗಿಲಿಗೆ ಗೌರವಾರ್ಥವಾಗಿ ಅನುಗ್ರಹಿಸಿದ ಲಾರೆಲ್ ಗಿಡ ಕರಂಡಗಳ ಪಕ್ಕದ ಮುಖಗಳಲ್ಲಿ ಚಿಗುರಿದೆ. ಪ್ರಭುತ್ವದ ಚಿತ್ರಭಾಷೆ ಖಾಸಗಿ ಬದುಕಿಗೆ ಇಳಿದ ಬಗೆಯನ್ನು ಪೌಲ್ ಜಾಂಕರ್ 1987ರ ತನ್ನ ಪ್ರಸಿದ್ಧ ಗ್ರಂಥದಲ್ಲಿ ವಿವರಿಸಿದ್ದಾನೆ. ಅದನ್ನು ಒಪ್ಪಿಯೂ ಒಂದು ಮಾತು ಸೇರಿಸಬೇಕು. ಸಾಮ್ರಾಟನ ಬಾಗಿಲ ಗಿಡ ಕೇಶ ಶೃಂಗರಿಸುವ ದಾಸಿಯೊಬ್ಬಳ ಎಲುಬಿನ ಮನೆಗೆ ಬಂದಾಗ ಅದನ್ನು ಬರಿಯ ಅನುಕರಣೆ ಎಂದು ತಳ್ಳಿಹಾಕುವುದು ಒಡೆಯರ ದೃಷ್ಟಿ. ಮನೆ, ಬಾಗಿಲು, ಹೆಸರು, ಬಾಂಧವ್ಯ ಇವು ಯಾವುವೂ ತನ್ನವಾಗಿರದಿದ್ದವಳಿಗೆ ಅವೆಲ್ಲ ಒಂದಡಿ ಅಗಲದ ಕಲ್ಲಿನಲ್ಲಿ ಒಟ್ಟಾಗಿ ದೊರೆತಿವೆ.

ಒಡೆಯರ ದೃಷ್ಟಿಗೆ ಸಾಹಿತ್ಯದಲ್ಲಿ ಗಟ್ಟಿಯಾದ ಆಧಾರ ಪೆಟ್ರೋನಿಯಸ್. ಅವನ ಕೃತಿಯ ತ್ರಿಮಾಲ್ಕಿಯೊ ಎಂಬ ವಿಮುಕ್ತ ಸಿರಿವಂತ ಔತಣದ ನಡುವೆಯೇ ತನ್ನ ಗೋರಿಯ ಅಳತೆ, ಶಿಲ್ಪ, ಬರಹಗಳನ್ನೆಲ್ಲ ವರ್ಣಿಸಿ ಅಳತೊಡಗುತ್ತಾನೆ. ನಗೆ ಉಕ್ಕಿಸುವ ಸನ್ನಿವೇಶ. ಆದರೆ ವಿಮುಕ್ತರ ಕಲೆಯನ್ನೆಲ್ಲ ಈ ಒಂದು ವ್ಯಂಗ್ಯಚಿತ್ರದ ಬೆಳಕಿನಲ್ಲಿ ಓದುವ ಅಭ್ಯಾಸ ಬಹುಕಾಲ ನಡೆಯಿತು. ಲಾರೆನ್ ಹ್ಯಾಕ್‌ವರ್ತ್ ಪೀಟರ್ಸನ್ 2006ರಲ್ಲಿ ಪ್ರಕಟಿಸಿದ ಗ್ರಂಥ ಇದನ್ನು ನೇರವಾಗಿ ಪ್ರಶ್ನಿಸಿದೆ. ತ್ರಿಮಾಲ್ಕಿಯೊನ ಪಕ್ಕಕ್ಕೆ ಇನ್ನೊಂದು ಪಠ್ಯವನ್ನು ಇಡುವುದು ಒಳಿತು. ರೋಮಿನ ಸಮೀಪದ ಲಾನುವಿಯಂ ಊರಿನಲ್ಲಿ ದೊರೆತ, ಕ್ರಿ.ಶ. 136ರ ಒಂದು ಶಾಸನ ಅಂತ್ಯಕ್ರಿಯೆಗಾಗಿ ಚಂದಾ ಕೂಡಿಸುವ ಸಂಘವೊಂದರ ನಿಯಮಾವಳಿಯನ್ನು ದಾಖಲಿಸುತ್ತದೆ. ಪ್ರವೇಶಶುಲ್ಕ ನೂರು ಸೆಸ್ಟರ್ಸ್ ಮತ್ತು ಒಂದು ಭಾಂಡ ಒಳ್ಳೆಯ ದ್ರಾಕ್ಷಾರಸ. ತಿಂಗಳಿಗೆ ಐದು ಆಸ್ ನಾಣ್ಯ. ಸತ್ತಾಗ ಕ್ರಿಯೆಗೆಂದು ಮುನ್ನೂರು ಸೆಸ್ಟರ್ಸ್. ದ್ರಾಕ್ಷಾರಸದ ಷರತ್ತಿನಲ್ಲಿ ಬದುಕಿದ್ದವರ ಹಿತವೂ ಇತ್ತೆನ್ನಿ. ಅದರಲ್ಲಿಯ ಒಂದು ನಿಯಮ ಹೀಗಿದೆ: ಸದಸ್ಯನಾದ ದಾಸ ಸತ್ತಾಗ ಒಡೆಯನೋ ಒಡತಿಯೋ ಅನ್ಯಾಯವಾಗಿ ಶವವನ್ನು ಬಿಟ್ಟುಕೊಡದಿದ್ದರೆ, ಅವನ ಪ್ರತಿಕೃತಿಯನ್ನಿಟ್ಟು ಸಂಘ ಅಂತ್ಯಕ್ರಿಯೆ ನಡೆಸತಕ್ಕದ್ದು. ಸತ್ತ ಮೈ ಕೂಡ ಇನ್ನೊಬ್ಬರ ಸ್ವತ್ತಾಗಿರಬಹುದಾದ ಕಾಲದಲ್ಲಿ ಎಲುಬನ್ನು ತನ್ನವರು ಆಯ್ದು ತಮ್ಮ ಗೂಡಿನಲ್ಲಿ ಇರಿಸಿಕೊಳ್ಳುವುದು ಎಷ್ಟು ದೊಡ್ಡ ಸಂಗತಿಯಾಗಿದ್ದಿರಬೇಕು!

ಈ ವಾದವನ್ನು ಅತಿಯಾಗಿ ಎಳೆಯಲಾಗದು. ಕರಂಡಗಳೆಲ್ಲ ವಿಮುಕ್ತರವಲ್ಲ, ಕುಲೀನರೂ ಬಳಸಿದರು. ಗಣಿಯಲ್ಲಿ, ಹೊಲದಲ್ಲಿ ಸವೆದ ದಾಸರಿಗೆ ಕರಂಡವಿರಲಿ ಕುಡಿಕೆಯೂ ಸಿಕ್ಕಿರಲಾರದು. ನಾವು ಮಾತನಾಡುತ್ತಿರುವುದು ನಗರದ, ಸ್ವಲ್ಪ ಹಣವಿದ್ದ ವರ್ಗದ ಬಗ್ಗೆ. ಇನ್ನು 'ಅರ್ಹನಾದವನಿಗೆ' ಎಂಬ ಪದಪುಂಜ ಎಷ್ಟು ಸಾರ್ವತ್ರಿಕವೆಂದರೆ ಅದಕ್ಕೆ ಎರಡಕ್ಷರದ ಸಂಕ್ಷೇಪವೇ ಸಾಕಾಗುತ್ತಿತ್ತು. ಶಿಲ್ಪಶಾಲೆಗಳು ಫಲಕವನ್ನು ಖಾಲಿ ಬಿಟ್ಟು ಕರಂಡಗಳನ್ನು ಮುಂಚಿತವಾಗಿ ಸಿದ್ಧಪಡಿಸುತ್ತಿದ್ದವು. ಹೆಸರು ಕೊಂಡವರ ಪಾಲಿನ ಕೆಲಸ. ಅಕ್ಷರ ಇಕ್ಕಟ್ಟಾಗಿ ಕೊನೆಯ ಸಾಲು ಚೌಕಟ್ಟನ್ನೇ ಏರಿರುವ ಉದಾಹರಣೆಗಳಿವೆ. ಇದನ್ನು ಕಂಡು ಭಾವನೆಯೂ ಅಂಗಡಿಯ ಸರಕೇ ಎನ್ನುವವರುಂಟು. ಲಗ್ನಪತ್ರಿಕೆಯ ಒಕ್ಕಣೆ ಎಲ್ಲರದೂ ಒಂದೇ ಆಗಿರುವುದರಿಂದ ಮದುವೆಗಳೆಲ್ಲ ಸುಳ್ಳಾಗುವುದಿಲ್ಲ. ನನ್ನ ಮಟ್ಟಿಗೆ ಶಿಲ್ಪಿಯ ನಯವಾದ ಹಾರಕ್ಕಿಂತ ಚೌಕಟ್ಟು ಮೀರಿದ ಆ ಒರಟು ಸಾಲು ಹೆಚ್ಚು ಓದಿಸಿಕೊಳ್ಳುತ್ತದೆ.

1831ರಲ್ಲಿ ಪಿಯೆತ್ರೊ ಕಾಂಪಾನಾ ಪತ್ತೆಹಚ್ಚಿದ ಪೊಂಪೋನಿಯಸ್ ಹೈಲಸ್ ಹೆಸರಿನ ಸಮಾಧಿಗೃಹದಲ್ಲಿ ಒಂದು ಗೂಡಿನ ಕೆಳಗೆ ಗಾಜಿನ ಹರಳುಗಳ ಕುಸುರಿಯಲ್ಲಿ ಎರಡು ಹೆಸರುಗಳಿವೆ: ಹೈಲಸ್ ಮತ್ತು ವಿಮುಕ್ತೆಯಾದ ಪೊಂಪೋನಿಯ ವಿಟಾಲಿನಿಸ್. ಅವಳ ಹೆಸರಿನ ಮೇಲೆ ಒಂದು ಬಿಡಿ ಅಕ್ಷರವಿದೆ. 'ಜೀವಿಸಿದ್ದಾಳೆ' ಎಂದು ಅದರ ಅರ್ಥ. ಅವಳು ಬದುಕಿದ್ದಾಗಲೇ ತನ್ನ ಹೆಸರನ್ನು ಅಲ್ಲಿ ಕಂಡಿದ್ದಾಳೆ. ಅಲಂಕಾರ, ಸಂಕೇತ ಎಂಬ ಜೋಡಿಯಲ್ಲಿ ಈ ಒಂದಕ್ಷರಕ್ಕೆ ಜಾಗವೆಲ್ಲಿ?

ಎಲುಬು, ಹೆಸರು, ಚಿತ್ರಗಳ ಬೇರ್ಪಡೆ ವಿದ್ವಾಂಸರಿಗಿಂತ ಮೊದಲು ಮಾರುಕಟ್ಟೆಯಲ್ಲಿ ನಡೆದಿತ್ತು. ಹದಿನೆಂಟನೆಯ ಶತಮಾನದಲ್ಲಿ ರೋಮಿಗೆ ಪ್ರವಾಸ ಬಂದ ಇಂಗ್ಲಿಷ್ ಶ್ರೀಮಂತರಿಗೆ ಈ ಕರಂಡಗಳು ಒಯ್ಯಲು ಹದವಾದ ಗಾತ್ರದ, ಪಡಸಾಲೆಯಲ್ಲಿಡಲು ಯೋಗ್ಯವಾದ ವಸ್ತುಗಳಾದವು. ಚಾರ್ಲ್ಸ್ ಟೌನ್ಲಿಯ ಸಂಗ್ರಹ 1805ರಲ್ಲಿ ಬ್ರಿಟಿಷ್ ಮ್ಯೂಸಿಯಂ ಸೇರಿತು. ಹೆನ್ರಿ ಬ್ಲಂಡೆಲ್‌ನದು ಈಗ ಲಿವರ್‌ಪೂಲ್‌ನಲ್ಲಿದೆ. ಪಿರಾನೇಸಿ 1778ರಲ್ಲಿ ಹೊರತಂದ ಕೊರೆಚಿತ್ರಗಳ ಸಂಪುಟಗಳಲ್ಲಿ ಹೂದಾನಿ, ದೀಪಸ್ತಂಭಗಳ ಸಾಲಿನಲ್ಲಿಯೇ ಇವೂ ನಿಂತಿವೆ. ಒಳಗಿನದನ್ನು ಬರಿದು ಮಾಡಲಾಯಿತು. ಒಂದರ ಮುಚ್ಚಳ ಇನ್ನೊಂದಕ್ಕೆ ಹೊಂದಿತು. ಖಾಲಿ ಫಲಕಕ್ಕೆ ಬೆಲೆ ಕಡಿಮೆಯೆಂದು ಜೀರ್ಣೋದ್ಧಾರದ ಶಿಲ್ಪಿಗಳು ಅದರ ಮೇಲೆ ಹೊಸ ಶಾಸನಗಳನ್ನೂ ಕೊರೆದರು. ಲ್ಯಾಟಿನ್ ಶಾಸನಸಂಪುಟದ ಆರನೆಯ ಭಾಗದಲ್ಲಿ ಖೋಟಾ ಶಾಸನಗಳಿಗೆಂದೇ ಪ್ರತ್ಯೇಕ ವಿಭಾಗವೊಂದನ್ನು ಮೀಸಲಿಡಬೇಕಾಗಿ ಬಂದಿತು. ನಮ್ಮಲ್ಲಿ ಇಂಗ್ಲಿಷ್ ತರಗತಿಗಳ ಮೂಲಕ ಬಂದ ಪರಿಚಯವೂ ಈ ಪಡಸಾಲೆಯದೇ. ಕೀಟ್ಸ್ 1819ರಲ್ಲಿ ಬರೆದ ಪ್ರಸಿದ್ಧ ಪ್ರಗಾಥದ ಗ್ರೀಕ್ ಕಲಶದೊಳಗೆ ಯಾರ ಎಲುಬೂ ಇಲ್ಲ, ಮೇಲೆ ಯಾರ ಹೆಸರೂ ಇಲ್ಲ. ಹೊರಮೈಯ ಚಿತ್ರವನ್ನೇ ಕಲಶದ ಸರ್ವಸ್ವವೆಂದು ಬಗೆಯುವ ಓದಿಗೆ ಆ ಕವಿತೆ ಬಹಳ ಗೌರವ ತಂದುಕೊಟ್ಟಿತು.

ಪಡಸಾಲೆಗಿಂತ ಹಿಂದೆ ಇನ್ನೊಂದು ಬಗೆಯ ಮರುಬಳಕೆಯಿತ್ತು. ಅಗಸ್ಟಸನ ಮೊಮ್ಮಗಳು ಅಗ್ರಿಪ್ಪಿನಾ ಕ್ರಿ.ಶ. 33ರಲ್ಲಿ ಗಡಿಪಾರಿನ ದ್ವೀಪದಲ್ಲಿ ಸತ್ತಳು. ಅವಳ ಮಗ ಕಲಿಗುಲ 37ರಲ್ಲಿ ಪಟ್ಟಕ್ಕೆ ಬಂದೊಡನೆ ತಾಯಿಯ ಅವಶೇಷಗಳನ್ನು ತಂದು ಅಗಸ್ಟಸನ ಸಮಾಧಿಮಂದಿರದಲ್ಲಿ ಇರಿಸಿದನು. ಅವಳ ಅಸ್ಥಿಗೆ ಆಶ್ರಯವಾಗಿದ್ದ ದೊಡ್ಡ ಕಲ್ಲು ಈಗ ಕ್ಯಾಪಿಟೊಲೈನ್ ವಸ್ತುಸಂಗ್ರಹಾಲಯದಲ್ಲಿದೆ. ಶಾಸನದ ಮೊದಲ ಪದವೇ 'ಒಸ್ಸ'. ಅನಂತರ ಯಾರ ಮಗಳು, ಯಾರ ಮೊಮ್ಮಗಳು, ಯಾರ ಹೆಂಡತಿ, ಯಾರ ತಾಯಿ ಎಂದು ಒಂದು ರಾಜವಂಶವೇ ಸಾಲುಗಟ್ಟುತ್ತದೆ. ಮಧ್ಯಯುಗದ ರೋಮನರು ಇದರ ಪೊಳ್ಳನ್ನು ಮುನ್ನೂರು ಪೌಂಡು ಧಾನ್ಯ ಹಿಡಿಯುವ ಅಳತೆಯಾಗಿ ಬಳಸಿದರು; ಆ ಸಂಗತಿಯನ್ನು ಹೇಳುವ ಅಕ್ಷರಗಳನ್ನೂ ಅದರ ಮೇಲೆಯೇ ಕೊರೆದರು. ಸಂಗ್ರಹಕಾರರಿಗಿಂತ ಇವರ ಬಳಕೆ ನನಗೆ ಪ್ರಾಮಾಣಿಕವೆನಿಸುತ್ತದೆ. ಕಲ್ಲು ಏನನ್ನಾದರೂ ಒಳಗೊಳ್ಳಲೆಂದು ಇದೆಯೆಂಬುದನ್ನು ಅವರು ಮರೆಯಲಿಲ್ಲ, ಹಳೆಯ ಹೆಸರನ್ನು ಅಳಿಸಲೂ ಇಲ್ಲ.

ಬ್ಲಂಡೆಲ್ ಸಂಗ್ರಹದ ಕರಂಡಗಳನ್ನು ಕುರಿತು ಗ್ಲೆನಿಸ್ ಡೇವಿಸ್ 2007ರಲ್ಲಿ ಹೊರತಂದ ಸೂಚಿ ಈ ದೃಷ್ಟಿಯಿಂದ ಸ್ವಾಗತಾರ್ಹ. ಶಿಲ್ಪವನ್ನೂ ಶಾಸನವನ್ನೂ ಅದು ಒಂದೇ ವಸ್ತುವಿನ ಚರಿತ್ರೆಯಾಗಿ ಓದುತ್ತದೆ. ಹದಿನೆಂಟನೆಯ ಶತಮಾನದ ಕೈವಾಡವನ್ನೂ ಮುಚ್ಚಿಡುವುದಿಲ್ಲ. ಇಂಥ ಓದಿಗೆ ಕರಂಡದ ಸುತ್ತ ಒಮ್ಮೆ ನಡೆದುಬರಬೇಕಾಗುತ್ತದೆ. ಮುಂಭಾಗದ ಛಾಯಾಚಿತ್ರ ಸಾಲದು. ಪಕ್ಕಗಳಲ್ಲಿ, ಲಾರೆಲ್ ಎಲೆಗಳ ಮೇಲುಗಡೆ, ಅಂಚಿನ ಬಳಿ ಸಣ್ಣ ಕುಳಿಗಳು ಕಾಣುತ್ತವೆ. ಎಲುಬುಗಳನ್ನಿಟ್ಟ ಮೇಲೆ ಮುಚ್ಚಳವನ್ನು ಕಬ್ಬಿಣದ ಕೊಂಡಿಯಿಂದ ಬಿಗಿದು ಸೀಸ ಎರೆದ ಗುರುತುಗಳವು. ಮತ್ತೆ ತೆರೆಯುವ ಉದ್ದೇಶ ಮಾಡಿಸಿದವರಿಗಿರಲಿಲ್ಲ.